ವರ್ಷಕ್ಕೆ 156 ಸಲ ಬ್ಯಾಗ್

ರಾತ್ರಿ ಹತ್ತು ದಾಟಿತ್ತು. ಮಗಳು ಮಲಗಿದ್ದಳು. ಅವಳ ಅಪ್ಪನಿಂದ ಮೆಸೇಜ್ ಬಂತು. "ಮಗಳ ದಿನಗಳ ಬಗ್ಗೆ ಮಾತಾಡಬೇಕಿತ್ತು. ಈಗಿನ ಲೆಕ್ಕ ಬಿಟ್ಟು ಒಂದು ವಾರ ನಿಮ್ಮ ಹತ್ತಿರ, ಒಂದು ವಾರ ನನ್ನ ಹತ್ತಿರ ಅಂತ ಮಾಡಬಹುದಾ? ಯೋಚಿಸಿ ಹೇಳಿ."

ಅಷ್ಟೇ ಇದ್ದದ್ದು. ಒತ್ತಾಯ ಇರಲಿಲ್ಲ, ಚುಚ್ಚುಮಾತು ಇರಲಿಲ್ಲ. ಆದರೂ ಓದಿದ ತಕ್ಷಣ ನನ್ನ ಕೈ ತಣ್ಣಗಾಯಿತು. ಒಂದು ವಾರ ಅನ್ನುವ ಮಾತಷ್ಟೇ ಕಣ್ಣಿಗೆ ಬಿತ್ತು. ಏಳು ರಾತ್ರಿ ಅವಳು ಈ ಮನೆಯಲ್ಲಿ ಇರಲ್ಲ.

ಕೂತಲ್ಲೇ ಉತ್ತರ ಬರೆದೆ. ಆಗಲ್ಲ, ಕೋರ್ಟಿನಲ್ಲಿ ಒಪ್ಪಿದ್ದು ಒಪ್ಪಿದ್ದೇ, ನಿಮಗೆ ಬೇಕಾದಾಗ ಬೇಕಾದ ಹಾಗೆ ಬದಲಾಯಿಸೋಕೆ ಅವಳೇನು ಸಾಮಾನಾ, ಅಂತ ಶುರುವಾಗಿದ್ದು ಐದು ವರ್ಷದ ಹಿಂದಿನ ಒಂದು ಜಗಳಕ್ಕೆ ಹೋಗಿ, ಅಲ್ಲಿಂದ ಅವರ ಅಕ್ಕ ಆಡಿದ್ದ ಒಂದು ಮಾತಿಗೆ ಹೋಗಿ, ಕೊನೆಗೆ ನನಗೇ ಯಾಕೆ ಬರೀತಿದೀನಿ ಅಂತ ಗೊತ್ತಾಗದ ಜಾಗಕ್ಕೆ ಬಂದು ನಿಂತಿತು. ಕಳಿಸಲಿಲ್ಲ. ಫೋನನ್ನು ಅಡುಗೆಮನೆಯಲ್ಲಿಟ್ಟು ಬಂದು ಮಲಗಿದೆ. ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ಇಂಥ ಮೆಸೇಜ್ ಬಂದಾಗ ಏನು ಮಾಡಬೇಕು ಅಂತ ಬೇರ್ಪಟ್ಟ ಅಪ್ಪ ಅಮ್ಮಂದಿರು ಒಬ್ಬರನ್ನೊಬ್ಬರು ಕೇಳ್ತಾ ಇರ್ತೀವಿ. ನನ್ನನ್ನೂ ಇಬ್ಬರು ಗೆಳತಿಯರು ಕೇಳಿದ್ದರು. ಆಗ ಬಾಯಿಗೆ ಬಂದ ಬುದ್ಧಿ ಹೇಳಿದ್ದೆ. ನನಗೇ ಬಂದಾಗ ಅದರಲ್ಲಿ ಅರ್ಧ ಕೆಲಸಕ್ಕೆ ಬರಲಿಲ್ಲ. ಹಾಗಾಗಿ ಈ ಸಲ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಮೊದಲು ಒಂದು ಹಳೆಯ ತಪ್ಪು ಹೇಳಬೇಕು. ಮೂರು ವರ್ಷದ ಹಿಂದೆ ಅವಳಿಗೆ ಆರು. ಅವಳ ಚಿಕ್ಕಪ್ಪನ ಮದುವೆ ನನ್ನ ಪಾಲಿನ ಶನಿವಾರಕ್ಕೆ ಬಿತ್ತು. "ಆ ಶನಿವಾರ ಭಾನುವಾರ ನನಗೆ ಕೊಡಿ, ಮುಂದಿನ ವಾರ ನೀವು ಇಟ್ಟುಕೊಳ್ಳಿ" ಅಂತ ಅವಳಪ್ಪ ಕೇಳಿದರು. ನಾನು ಆಗಲ್ಲ ಅಂದೆ. ಅದರ ಹಿಂದಿನ ತಿಂಗಳು ಅವರು ಮಗಳನ್ನು ಎರಡು ಗಂಟೆ ತಡವಾಗಿ ತಂದು ಬಿಟ್ಟಿದ್ದರು. ಆ ಎರಡು ಗಂಟೆ ನನ್ನ ಎದೆಯೊಳಗೆ ಹಾಗೇ ಕೂತಿತ್ತು. ಕೋರ್ಟಿನ ಪತ್ರದಲ್ಲಿ ನನ್ನ ದಿನ ಅಂತ ಇದೆ, ನನ್ನ ದಿನ. ಕಾನೂನಿನ ಪ್ರಕಾರ ನಾನು ಸರಿಯಾಗಿಯೇ ಇದ್ದೆ.

ಕೆಲವು ವಾರ ಆದಮೇಲೆ ಅವಳು ಅಲ್ಲಿಂದ ಬರುವಾಗ ಅಜ್ಜಿ ಕಳಿಸಿದ ಮದುವೆಯ ಫೋಟೋಗಳು ಫೋನಿಗೆ ಬಂದವು. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೆಲ್ಲ ಸಾಲಾಗಿ ನಿಂತ ಒಂದು ಫೋಟೋ ಇತ್ತು. ಅವಳು ಎರಡು ಬೆರಳಲ್ಲಿ ಅದನ್ನು ದೊಡ್ಡದು ಮಾಡಿ ಎಡಗಡೆಯಿಂದ ಬಲಗಡೆಗೆ ಒಂದೊಂದೇ ಮುಖ ನೋಡುತ್ತಾ ಹೋದಳು. ಕೊನೆಗೆ ಹೋಗಿ ಮತ್ತೆ ಮೊದಲಿಗೆ ಬಂದಳು. "ಅಮ್ಮ, ಆ ದಿನ ನಾನು ಎಲ್ಲಿದ್ದೆ?" ಅಂದಳು.

ಮನೆಯಲ್ಲಿದ್ದೆ ಪುಟ್ಟಿ, ನನ್ನ ಜೊತೆ. ಆ ಶನಿವಾರ ನಾವು ಏನು ಮಾಡಿದೆವು ಅಂತ ಎಷ್ಟು ನೆನಪಿಸಿಕೊಂಡರೂ ನನಗೆ ನೆನಪಾಗಲಿಲ್ಲ. ಇವತ್ತಿಗೂ ಆಗಿಲ್ಲ.

ಹಾಗಾಗಿ ಈ ಸಲ ಬೆಳಿಗ್ಗೆ ಎದ್ದು ಫೋನ್ ತೆಗೆದಾಗ ರಾತ್ರಿ ಬರೆದಿದ್ದನ್ನು ಪೂರ್ತಿ ಅಳಿಸಿದೆ. ಅದರ ಬದಲು ಇಷ್ಟು ಬರೆದೆ: "ಮೆಸೇಜ್ ನೋಡಿದೆ. ಯೋಚಿಸೋಕೆ ಸ್ವಲ್ಪ ಸಮಯ ಬೇಕು. ಬರುವ ಭಾನುವಾರದೊಳಗೆ ಹೇಳುತ್ತೇನೆ. ಅಲ್ಲಿವರೆಗೆ ಈಗಿನ ದಿನಗಳೇ ನಡೆಯಲಿ. ಮಗಳ ಹತ್ತಿರ ಸದ್ಯಕ್ಕೆ ಈ ಮಾತು ಎತ್ತುವುದು ಬೇಡ."

ಹೌದು ಅಂದಿಲ್ಲ, ಇಲ್ಲ ಅಂದಿಲ್ಲ. ಆದರೆ ಸುಮ್ನೆ ಕೂತೂ ಇಲ್ಲ. ಉತ್ತರವೇ ಕೊಡದೆ ಬಿಟ್ಟರೆ ಆ ಕಡೆ ಇರುವವರು ಅದನ್ನು ಸೊಕ್ಕು ಅಂತ ತಿಳಿಯುತ್ತಾರೆ, ಇಲ್ಲವಾದರೆ ಒಪ್ಪಿಗೆ ಅಂತ ತಿಳಿಯುತ್ತಾರೆ. ಎರಡೂ ಕಷ್ಟವೇ. ಒಂದು ದಿನ ಹೇಳಿ, ಆ ದಿನ ಉತ್ತರ ಕೊಟ್ಟರೆ ಇಬ್ಬರಿಗೂ ಉಸಿರಾಡೋಕೆ ಜಾಗ ಸಿಗುತ್ತದೆ. ಬಿಲ್ ಎಡಿ ಅನ್ನುವ ಅಮೆರಿಕದ ವಕೀಲರೊಬ್ಬರು ಇದ್ದಾರೆ, ಅವರು ಮನೋಚಿಕಿತ್ಸೆಯ ಕೆಲಸವನ್ನೂ ಮಾಡಿದವರು. ಜಗಳದ ಮೆಸೇಜಿಗೆ ಉತ್ತರ ಹೇಗಿರಬೇಕು ಅಂದರೆ ಚಿಕ್ಕದಾಗಿರಲಿ, ವಿಷಯ ಇರಲಿ, ಸ್ನೇಹದ ದನಿ ಇರಲಿ, ಗಟ್ಟಿಯಾಗಿ ಮುಗಿಯಲಿ ಅನ್ನುತ್ತಾರೆ. ನನಗೆ ಬಂದ ಮೆಸೇಜಿನಲ್ಲಿ ಜಗಳ ಇರಲಿಲ್ಲ. ಜಗಳ ಇದ್ದದ್ದು ನನ್ನೊಳಗೆ. ಆದರೂ ಆ ಅಳತೆ ಉಪಯೋಗಕ್ಕೆ ಬಂತು.

ನಮ್ಮ ಭಾಷೆ ನನಗೆ ಮಾಡಿದ ಒಂದು ಸಹಾಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮದುವೆಯಾಗಿದ್ದಾಗ ನಾವಿಬ್ಬರೂ ನೀನು ಅಂತಲೇ ಮಾತಾಡುತ್ತಿದ್ದೆವು. ಬೇರೆಯಾದ ಮೊದಲ ವರ್ಷವೂ ಅದೇ ನೀನು. ಆ ನೀನು ಒಳಗೆ ಹಳೆಯದೆಲ್ಲ ಬಂದು ಸೇರಿಕೊಳ್ಳುತ್ತಿತ್ತು. "ನೀನು ಯಾವಾಗಲೂ ಹಿಂಗೇ" ಅನ್ನೋದು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ನೋಡಿ. ಒಂದು ದಿನ ಅವರು ಯಾಕೋ ನೀವು ಅಂತ ಬರೆದರು. ಮೊದಲು ಚುಚ್ಚಿದ ಹಾಗಾಯಿತು. ನಾನೂ ಹಟಕ್ಕೆ ಬಿದ್ದು ನೀವು ಅಂತಲೇ ಬರೆದೆ. ಹಾಗೇ ಉಳಿದುಬಿಟ್ಟಿತು. ಈಗ ಅನಿಸುತ್ತದೆ, ಆ ಒಂದು ಪದ ನಮ್ಮಿಬ್ಬರ ನಡುವೆ ಒಂದು ಮೇಜು ಹಾಕಿಕೊಟ್ಟಿತು ಅಂತ. ಮೇಜಿನ ಆಚೆ ಕೂತವರ ಹತ್ತಿರ ದಿನ, ಗಂಟೆ, ಶಾಲೆ, ಜ್ವರದ ಔಷಧಿ ಇಷ್ಟನ್ನು ಮಾತಾಡಬಹುದು.

ಈಗ ಲೆಕ್ಕಕ್ಕೆ ಬರುತ್ತೇನೆ. ನಾವು ಬೇರೆಯಾದಾಗ ಅವಳಿಗೆ ನಾಲ್ಕು. ಆಗ ಒಪ್ಪಿಕೊಂಡದ್ದು ಎರಡು-ಎರಡು-ಮೂರು ಅನ್ನುವ ಕ್ರಮ. ಸೋಮವಾರ ಮಂಗಳವಾರ ಒಬ್ಬರ ಹತ್ತಿರ, ಬುಧವಾರ ಗುರುವಾರ ಇನ್ನೊಬ್ಬರ ಹತ್ತಿರ, ಶುಕ್ರವಾರದಿಂದ ಭಾನುವಾರದವರೆಗೆ ಮತ್ತೆ ಮೊದಲಿನವರ ಹತ್ತಿರ. ಮುಂದಿನ ವಾರ ಪೂರ್ತಿ ತಿರುಗುಮುರುಗು. ಹದಿನಾಲ್ಕು ರಾತ್ರಿಯಲ್ಲಿ ಇಬ್ಬರಿಗೂ ಏಳೇಳು. ಯಾರನ್ನೂ ಮೂರು ರಾತ್ರಿಗಿಂತ ಜಾಸ್ತಿ ಬಿಟ್ಟಿರಬೇಕಾಗಿಲ್ಲ. ಚಿಕ್ಕ ಮಕ್ಕಳಿಗೆ ತುಂಬಾ ಕಡೆ ಇದನ್ನೇ ಹೇಳುತ್ತಾರೆ, ಅದಕ್ಕೆ ಕಾರಣವೂ ಇದೆ. 1973ರಲ್ಲಿ ಕಾನೂನು ಪ್ರಾಧ್ಯಾಪಕ ಜೋಸೆಫ್ ಗೋಲ್ಡ್‌ಸ್ಟೈನ್, ಮಕ್ಕಳ ಮನೋವಿಶ್ಲೇಷಕಿ ಆನ್ನಾ ಫ್ರಾಯ್ಡ್, ಮಕ್ಕಳ ಮನೋವೈದ್ಯ ಆಲ್ಬರ್ಟ್ ಸಾಲ್ನಿಟ್ ಮೂವರೂ ಸೇರಿ ಮಕ್ಕಳ ಕಸ್ಟಡಿ ಬಗ್ಗೆ ಬರೆದಾಗ ಒತ್ತಿ ಹೇಳಿದ ಒಂದು ಮಾತು ಇದು: ಮಗುವಿನ ಕಾಲ ದೊಡ್ಡವರ ಕಾಲದ ಹಾಗಲ್ಲ. ನಮಗೆ ನಾಲ್ಕು ದಿನ ಅನಿಸುವುದು ನಾಲ್ಕು ವರ್ಷದ ಮಗುವಿಗೆ ಮುಗಿಯದ ಹಾಗೆ ಅನಿಸಬಹುದು. ಮಗು ಬೆಳೆದ ಹಾಗೆ ಕಾಯುವ ಶಕ್ತಿಯೂ ಬೆಳೆಯುತ್ತದೆ.

ಆ ನಾಲ್ಕು ವರ್ಷದವಳಿಗೆ ಹೊಲಿಸಿದ ದಿನಗಳನ್ನೇ ಒಂಬತ್ತು ವರ್ಷದವಳಿಗೂ ತೊಡಿಸುತ್ತಿದ್ದೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ.

ಬುಧವಾರ ಸಂಜೆ ಅವಳು ಬ್ಯಾಗ್ ಕಟ್ಟುವುದನ್ನು ಕೂತು ನೋಡಿದೆ. ಸುಮ್ನೆ ನೋಡಿದೆ, ಸಹಾಯಕ್ಕೆ ಹೋಗಲಿಲ್ಲ. ಬೀರುವಿನ ಬಾಗಿಲ ಒಳಗಡೆ ಒಂದು ಚೀಟಿ ಅಂಟಿಸಿಕೊಂಡಿದ್ದಾಳೆ, ಅವಳದೇ ದುಂಡು ಅಕ್ಷರದಲ್ಲಿ. ಗಣಿತದ ನೋಟ್‌ಬುಕ್, ಕನ್ನಡಕದ ಡಬ್ಬಿ, ಈಜಿನ ಬಟ್ಟೆ, ಬಿಳಿ ಶೂ, ಲೈಬ್ರರಿ ಪುಸ್ತಕ, ಕೆಂಪು ಹೊದಿಕೆ. ಒಂದೊಂದನ್ನೇ ಒಳಗಿಟ್ಟು ಚೀಟಿಯ ಮೇಲೆ ಬೆರಳಿಟ್ಟು ಮುಂದಿನದಕ್ಕೆ ಹೋಗುತ್ತಾಳೆ. ಪೆನ್ನಲ್ಲಿ ಟಿಕ್ ಹಾಕಲ್ಲ, ಹಾಕಿದರೆ ಚೀಟಿ ಮತ್ತೆ ಬರೀಬೇಕಾಗುತ್ತದೆ ಅಲ್ವಾ. ಬಿಳಿ ಶೂ ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಅವಳ ಮುಖ ಗಟ್ಟಿಯಾಯಿತು. ಅಳಲಿಲ್ಲ, ಕೂಗಾಡಲಿಲ್ಲ. ಆಫೀಸಿಗೆ ತಡವಾದ ದೊಡ್ಡವರ ಮುಖ ಇರುತ್ತಲ್ಲ, ಹಾಗಿತ್ತು. ಒಂಬತ್ತು ವರ್ಷದ ಮುಖದ ಮೇಲೆ ಅದನ್ನು ನೋಡಿ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು.

ಅವಳು ಹೋದಮೇಲೆ ಕ್ಯಾಲೆಂಡರ್ ತೆಗೆದು ಎಣಿಸಿದೆ. ಎರಡು-ಎರಡು-ಮೂರರಲ್ಲಿ ಹದಿನಾಲ್ಕು ದಿನಕ್ಕೆ ಆರು ಸಲ ಮನೆ ಬದಲು. ವರ್ಷಕ್ಕೆ 156. ಇನ್ನೊಂದು ಕ್ರಮ ಇದೆ, ವಾರದ ಮೊದಲ ಎರಡು ರಾತ್ರಿ ಯಾವಾಗಲೂ ಒಬ್ಬರ ಹತ್ತಿರ, ಮುಂದಿನ ಎರಡು ಯಾವಾಗಲೂ ಇನ್ನೊಬ್ಬರ ಹತ್ತಿರ, ಶುಕ್ರವಾರದಿಂದ ಭಾನುವಾರ ಮಾತ್ರ ಅದಲು ಬದಲು. ಅದರಲ್ಲಿ ಹದಿನಾಲ್ಕು ದಿನಕ್ಕೆ ನಾಲ್ಕು ಸಲ, ವರ್ಷಕ್ಕೆ 104. ವಾರ ಬಿಟ್ಟು ವಾರ ಆದರೆ ಎರಡೇ ಸಲ, ವರ್ಷಕ್ಕೆ 52. ಮೂರರಲ್ಲೂ ಇಬ್ಬರಿಗೂ ಸಿಗುವ ರಾತ್ರಿಗಳು ಸಮಸಮ. ಬದಲಾಗುವುದು ಎರಡೇ: ಎಷ್ಟು ಸಲ ಬ್ಯಾಗ್ ಕಟ್ಟಬೇಕು, ಒಂದೇ ಸಲಕ್ಕೆ ಎಷ್ಟು ರಾತ್ರಿ ಒಬ್ಬರನ್ನು ಬಿಟ್ಟಿರಬೇಕು. ಒಂದು ಕಮ್ಮಿ ಮಾಡಿದರೆ ಇನ್ನೊಂದು ಜಾಸ್ತಿಯಾಗುತ್ತದೆ. ಮೂರು ರಾತ್ರಿ ಇದ್ದದ್ದು ಐದಾಗುತ್ತದೆ, ಇಲ್ಲ ಏಳಾಗುತ್ತದೆ.

ಐದು ವರ್ಷ ನಾನು ರಾತ್ರಿಗಳನ್ನಷ್ಟೇ ಎಣಿಸಿದ್ದೆ. ಬ್ಯಾಗನ್ನು ಒಂದು ಸಲವೂ ಎಣಿಸಿರಲಿಲ್ಲ.

ಆದರೂ ಸಿಟ್ಟು ಹೋಗಿರಲಿಲ್ಲ. ಇದನ್ನು ಮುಚ್ಚಿಡಲ್ಲ. ಇವರಿಗೆ ಈಗ ಯಾಕೆ ಬೇಕಾಯಿತು ಅನ್ನೋ ಅನುಮಾನ. ಏನೋ ಲೆಕ್ಕಾಚಾರ ಇರಬೇಕು, ದುಡ್ಡಿನದಿರಬಹುದು, ಹೊಸದಾಗಿ ಯಾರೋ ಬಂದಿರಬಹುದು. ಎಷ್ಟೋ ದೇಶಗಳಲ್ಲಿ ಮಗುವಿನ ಖರ್ಚಿಗೆ ಯಾರು ಎಷ್ಟು ಕೊಡಬೇಕು ಅನ್ನುವುದಕ್ಕೂ ಮಗು ಯಾರ ಮನೆಯಲ್ಲಿ ಎಷ್ಟು ರಾತ್ರಿ ಇರುತ್ತದೆ ಅನ್ನುವುದಕ್ಕೂ ಸಂಬಂಧ ಇದೆ. ಹಾಗಾಗಿ ಆ ಅನುಮಾನ ತೀರಾ ಹುಚ್ಚೇನಲ್ಲ. ದಿನ ಬದಲಾಯಿಸಿ ಅಂತ ಯಾರಾದರೂ ಕೇಳಿದರೆ ಮೊದಲು ರಾತ್ರಿಗಳ ಒಟ್ಟು ಲೆಕ್ಕ ಬದಲಾಗುತ್ತಾ ಅಂತ ನೋಡಿಕೊಳ್ಳುವುದು ಒಳ್ಳೆಯದು. ನಮ್ಮದರಲ್ಲಿ ಬದಲಾಗುತ್ತಿರಲಿಲ್ಲ. ಇದ್ದ ಏಳು ಏಳೇ.

ಊಹೆ ಮಾಡುವುದನ್ನು ಬಿಟ್ಟು ಕೇಳಿಬಿಟ್ಟೆ. ಯಾಕೆ ಈಗ? ಸ್ವಲ್ಪ ದಿನಕ್ಕಾ, ಯಾವಾಗಲೂನಾ? ನಿಮ್ಮ ವಾರದಲ್ಲಿ ಬೆಳಿಗ್ಗೆ ಶಾಲೆಗೆ ಯಾರು ಬಿಡುತ್ತಾರೆ, ಸಂಜೆ ಯಾರು ಮನೆಯಲ್ಲಿರುತ್ತಾರೆ? ಈಜಿನ ಕ್ಲಾಸು ನಡೆಯುತ್ತಾ? ಸರಿಹೋಗದಿದ್ದರೆ ಹಿಂದಕ್ಕೆ ಬರುತ್ತೀರಾ? "ಯಾಕೆ" ಅನ್ನೋ ಮೊದಲ ಪ್ರಶ್ನೆಯನ್ನು ಮೂರು ಸಲ ತಿದ್ದಿದೆ. ಒಂದು ಸಲ ಬರೆದಾಗ ಪೊಲೀಸರು ಕೇಳಿದ ಹಾಗಿತ್ತು. ಕೊನೆಗೆ, "ಏನು ಬದಲಾಗಿದೆ ಅಂತ ತಿಳಿದರೆ ನನಗೆ ಯೋಚಿಸೋಕೆ ಸುಲಭ" ಅಂತ ಬರೆದೆ.

ಉತ್ತರ ಮಾರನೇ ದಿನ ಬಂತು, ಉದ್ದಕ್ಕೆ. ಅವರ ಕೆಲಸದಲ್ಲಿ ಪಾಳಿ ಶುರುವಾಗಿದೆ. ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರ ಮಗಳು ಬಂದರೂ ತಾನು ಮನೆಯಲ್ಲಿರಲ್ಲ, ಅವಳು ಅಜ್ಜಿಯ ಹತ್ತಿರ ಮಲಗಬೇಕು. ಹಗಲು ಪಾಳಿಯ ವಾರ ಪೂರ್ತಿ ಅವಳ ಜೊತೆ ಇರಬಹುದು. ಕೊನೆಯಲ್ಲಿ ಒಂದು ಸಾಲು ಇತ್ತು. "ಅವಳು ಬಂದ ದಿನ ನಾನು ಮನೆಯಲ್ಲಿರಬೇಕು, ಅಷ್ಟೇ."

ಆ ಸಾಲನ್ನು ತುಂಬಾ ಹೊತ್ತು ನೋಡುತ್ತಾ ಕೂತೆ. ನಾನು ಕಟ್ಟಿಕೊಂಡಿದ್ದ ಕಾರಣಗಳಲ್ಲಿ ಇದು ಇರಲೇ ಇಲ್ಲ. ನನ್ನಿಂದ ಅವಳನ್ನು ದೂರ ಮಾಡೋಕೆ ಕೇಳುತ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದೆ.

ಇಲ್ಲಿ ನಿಂತು ಒಂದು ಮಾತು ಹೇಳಲೇಬೇಕು, ಯಾಕೆಂದರೆ ಎಲ್ಲರ ಪರಿಸ್ಥಿತಿ ನನ್ನದರ ಹಾಗಿರಲ್ಲ. ಹೊಡೆತ, ಬೆದರಿಕೆ, ಹೆದರಿಕೆ ಇದ್ದ ಮನೆಯಿಂದ ಹೊರಗೆ ಬಂದವರಿಗೆ ದಿನ ಬದಲಾಯಿಸಿ ಅನ್ನುವ ಮಾತು ಮತ್ತೆ ಹಿಡಿತಕ್ಕೆ ತೆಗೆದುಕೊಳ್ಳುವ ದಾರಿಯೂ ಆಗಿರಬಹುದು. ಅವರು ಯಾರಿಗೂ ಸ್ನೇಹದ ದನಿಯಲ್ಲಿ ಬರೆಯಬೇಕಾಗಿಲ್ಲ. ಆದೇಶ ಇದ್ದ ಹಾಗೇ ನಡೆಯಲಿ, ಮಾತು ವಕೀಲರ ಮೂಲಕ ಹೋಗಲಿ. ವಾರಕ್ಕೊಂದು ಸಲ ಏನಾದರೂ ಬದಲಾವಣೆ ಕೇಳಿ ನಿಮ್ಮ ಜೀವನವನ್ನೇ ಅಲುಗಾಡಿಸುವವರಿಗೂ ಪ್ರತಿ ಸಲ ಒಪ್ಪಬೇಕಾಗಿಲ್ಲ. ಬೇರೆ ಊರಿಗೆ, ಬೇರೆ ದೇಶಕ್ಕೆ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಅಂದರಂತೂ ಅದು ದಿನ ಬದಲಾಯಿಸುವ ಮಾತೇ ಅಲ್ಲ, ಅದಕ್ಕೆ ಬೇರೆಯದೇ ಕಾನೂನು ಇದೆ. ಒಬ್ಬರಿಗೆ ಹೇಳದೆ ಇನ್ನೊಬ್ಬರು ಮಗುವನ್ನು ದೇಶ ದಾಟಿಸಿದಾಗ ವಾಪಸ್ ತರಿಸುವುದಕ್ಕೆ ಅಂತಲೇ 1980ರಲ್ಲಿ ಹೇಗ್ ಒಪ್ಪಂದ ಆಯಿತು. ಎಲ್ಲ ದೇಶಗಳೂ ಅದಕ್ಕೆ ಸೇರಿಲ್ಲ. ಅಂಥ ಮಾತು ಬಂದ ದಿನವೇ ವಕೀಲರ ಹತ್ತಿರ ಹೋಗಬೇಕು.

ನಾನೂ ನನ್ನ ಲಾಯರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಸರಳವಾಗಿತ್ತು. ಒಂದು ಶನಿವಾರಕ್ಕೆ ಇನ್ನೊಂದು ಶನಿವಾರ ಅದಲು ಬದಲು ಮಾಡಿಕೊಳ್ಳೋಕೆ ಇಬ್ಬರ ನಡುವಿನ ಒಂದು ಮೆಸೇಜು ಸಾಕು. ಯಾವಾಗಲೂ ನಡೆಯುವ ಬದಲಾವಣೆಗೆ ಬಾಯಿಮಾತು ಸಾಲದು. ನೀವಿಬ್ಬರೂ ಎಷ್ಟೇ ಒಪ್ಪಿಕೊಂಡಿದ್ದರೂ ಕೋರ್ಟಿನ ಆದೇಶ ಹಾಗೇ ಇರುತ್ತದೆ, ನಾಳೆ ಜಗಳ ಬಂದರೆ ಹಳೆಯ ಕಾಗದವೇ ಮಾತಾಡುತ್ತದೆ. ಅದೇ ಹೊತ್ತಿಗೆ, ತಿಂಗಳುಗಟ್ಟಲೆ ಹೀಗೇ ನಡೆದಿದೆ, ಮಗು ಇದಕ್ಕೇ ಹೊಂದಿಕೊಂಡಿದೆ ಅಂತ ಹೇಳಿ ನಡೆದದ್ದನ್ನೇ ಕಾಯಂ ಮಾಡಿ ಅಂತಲೂ ಕೇಳಬಹುದು. ಹಾಗಾಗಿ ಮೊದಲು ಪರೀಕ್ಷೆಗೆ ಅಂತ ಇಷ್ಟು ವಾರ ನಿಗದಿ ಮಾಡಿ ಬರೆದಿಡಿ, ಸರಿ ಅನಿಸಿದರೆ ಇಬ್ಬರೂ ಸಹಿ ಮಾಡಿ ಕೋರ್ಟಿಗೆ ಕೊಡೋಣ ಅಂದರು. ಒಬ್ಬರು ಒಪ್ಪದೆ ಒಬ್ಬರೇ ಕೇಳಿದರೆ ಪರಿಸ್ಥಿತಿ ನಿಜವಾಗಿ ಬದಲಾಗಿದೆಯಾ, ಇದರಿಂದ ಮಗುವಿಗೆ ಒಳ್ಳೆಯದಾ ಅಂತ ಕೋರ್ಟು ನೋಡುತ್ತದೆ, ಅದಕ್ಕೆ ಸಮಯವೂ ಹಿಡಿಯುತ್ತದೆ, ಮನಸ್ಸೂ ಕೆಡುತ್ತದೆ.

ಇನ್ನು ಮಗಳ ಹತ್ತಿರ ಕೇಳಬೇಕಾ ಬೇಡವಾ. ಇದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೇಳದಿದ್ದರೆ ಅವಳ ದಿನಗಳನ್ನು ಅವಳ ತಲೆಯ ಮೇಲಿಂದ ನಾವಿಬ್ಬರು ಹಂಚಿಕೊಂಡ ಹಾಗೆ. ಕೇಳಿದರೆ ಅಪ್ಪ ಬೇಕಾ ಅಮ್ಮ ಬೇಕಾ ಅಂತ ಕೇಳಿದ ಹಾಗೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಇದೆಯಲ್ಲ, 1989ರದ್ದು, ಅದರ 9ನೇ ವಿಧಿ ಅಪ್ಪನಿಂದಲೋ ಅಮ್ಮನಿಂದಲೋ ಬೇರೆ ಇರಬೇಕಾದ ಮಗುವಿಗೆ ಇಬ್ಬರ ಜೊತೆಗೂ ನಿಯಮಿತವಾಗಿ ಒಡನಾಟ ಇಟ್ಟುಕೊಳ್ಳುವ ಹಕ್ಕಿದೆ ಅನ್ನುತ್ತದೆ. ಅದರಿಂದ ಮಗುವಿಗೆ ಕೆಡುಕಾಗುವುದಾದರೆ ಮಾತ್ರ ಬೇರೆ. ಆ ಹಕ್ಕು ಮಗುವಿನದು. ನಾನು ಅಷ್ಟು ವರ್ಷ ನನ್ನ ದಿನ, ಅವರ ದಿನ ಅನ್ನುತ್ತಿದ್ದೆ. 12ನೇ ವಿಧಿ ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಅದರ ಮಾತು ಕೇಳಬೇಕು, ವಯಸ್ಸಿಗೆ, ತಿಳಿವಳಿಕೆಗೆ ತಕ್ಕಂತೆ ಆ ಮಾತಿಗೆ ಬೆಲೆ ಕೊಡಬೇಕು ಅನ್ನುತ್ತದೆ. ತೀರ್ಮಾನದ ಭಾರ ಮಗುವಿನ ಮೇಲೆ ಹಾಕಿ ಅಂತ ಅಲ್ಲಿ ಎಲ್ಲೂ ಇಲ್ಲ. ಕೇಳಿಸಿಕೊಳ್ಳುವುದು ನಮ್ಮ ಕೆಲಸ, ತೀರ್ಮಾನವೂ ನಮ್ಮ ಕೆಲಸ.

ಅವಳಪ್ಪನ ಹತ್ತಿರ ಮಾತಾಡಿಕೊಂಡೇ ಕೇಳಿದೆ. ಇಬ್ಬರೂ ಒಂದೇ ಪ್ರಶ್ನೆ ಕೇಳೋಣ ಅಂತ ಒಪ್ಪಿಕೊಂಡೆವು. ಎರಡು ಮನೆಗೆ ಓಡಾಡೋದರಲ್ಲಿ ನಿನಗೆ ಯಾವುದು ಸುಲಭ, ಯಾವುದು ಕಷ್ಟ. ಅಷ್ಟೇ. ಅವಳ ತಲೆ ಬಾಚುತ್ತಾ ಕೇಳಿದೆ, ಮುಖ ನೋಡದೆ ಮಾತಾಡುವಾಗ ಅವಳು ಜಾಸ್ತಿ ಮಾತಾಡುತ್ತಾಳೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಬುಧವಾರ ಬೆಳಿಗ್ಗೆ ಏಳುವಾಗ ನಾನು ಯಾವ ಮನೆಯಲ್ಲಿದೀನಿ ಅಂತ ಗೊತ್ತಾಗಲ್ಲ. ಕಿಟಕಿ ಯಾವ ಕಡೆ ಇದೆ ಅಂತ ನೋಡ್ತೀನಿ. ಬಲಗಡೆ ಇದ್ರೆ ನಿಮ್ಮ ಮನೆ" ಅಂದಳು.

ನಿಮ್ಮ ಮನೆ ಅಂದಳು. ಬಾಚಣಿಗೆ ಹಿಡಿದ ಕೈ ನಿಂತಿತು.

ಆಮೇಲೆ ಅವಳೇ ಕೇಳಿದಳು, "ಬ್ಯಾಗ್ ಕಮ್ಮಿ ಸಲ ಕಟ್ಟೋ ಥರ ಮಾಡೋಕಾಗುತ್ತಾ?" ಅವಳಿಗೆ ಇಷ್ಟು ದಿನ ಇದೊಂದು ಕೇಳಬಹುದಾದ ವಿಷಯ ಅಂತಲೇ ಗೊತ್ತಿರಲಿಲ್ಲ. ನಾನೂ ಅವಳಪ್ಪನೂ ಹಾಗೆ ಕಟ್ಟಿದ್ದೆವು, ಅವಳು ಹಾಗೇ ಇದ್ದಳು.

ಭಾನುವಾರ ಉತ್ತರ ಕೊಟ್ಟೆ, ಹೇಳಿದ ದಿನವೇ. ಎಂಟು ವಾರ ನೋಡೋಣ. ಶುಕ್ರವಾರ ಶಾಲೆ ಬಿಟ್ಟಮೇಲೆ ಮನೆ ಬದಲು, ನಾವು ಬಾಗಿಲಲ್ಲಿ ನಿಂತು ಒಪ್ಪಿಸುವ ಹಾಗಿಲ್ಲ. ಬೆಳಿಗ್ಗೆ ಒಬ್ಬರು ಬಿಡುತ್ತಾರೆ, ಸಂಜೆ ಇನ್ನೊಬ್ಬರು ಕರೆದುಕೊಂಡು ಹೋಗುತ್ತಾರೆ. ಬುಧವಾರ ಸಂಜೆ ಎರಡು ಗಂಟೆ ಹೊತ್ತು ಮಗಳು, ಆ ವಾರ ಅವಳು ಯಾರ ಹತ್ತಿರ ಇಲ್ಲವೋ ಅವರ ಜೊತೆ. ರಾತ್ರಿ ಯಾರಾದರೂ ಮನೆಯಲ್ಲಿ ಇರೋಕೆ ಆಗದಿದ್ದರೆ ಬೇರೆ ಯಾರನ್ನೂ ಕೇಳುವ ಮೊದಲು ಇನ್ನೊಬ್ಬರನ್ನು ಕೇಳಬೇಕು. ಹಲ್ಲುಜ್ಜುವ ಬ್ರಷ್ಷಿಂದ ಹಿಡಿದು ಈಜಿನ ಬಟ್ಟೆವರೆಗೆ ಎರಡೂ ಮನೆಯಲ್ಲಿ ಒಂದೊಂದು ಇರಲಿ. ಇದರಲ್ಲಿ ಬುಧವಾರದ ಸಂಜೆ ನಾನು ಕೇಳಿದ್ದು. ಅವಳಿಗೆ ಬೇಕು ಅಂತ ಬರೆದೆ. ನಿಜ ಹೇಳಬೇಕು ಅಂದರೆ ನನಗೆ ಬೇಕಾಗಿತ್ತು. ಅವರು ಏನೂ ಕೇಳದೆ ಒಪ್ಪಿದರು.

ಮೊದಲ ಏಳು ರಾತ್ರಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳಿರಲಿಲ್ಲ. ಮೂರನೇ ರಾತ್ರಿವರೆಗೆ ಅಭ್ಯಾಸ ಇತ್ತು, ಮೈಗೆ ಗೊತ್ತಿತ್ತು. ನಾಲ್ಕನೇ ರಾತ್ರಿ ಅಡುಗೆಮನೆಯಲ್ಲಿ ನಿಂತು ಏನು ಮಾಡಬೇಕು ಅಂತ ತೋಚಲಿಲ್ಲ. ಅವಳ ಕೋಣೆಯ ದೀಪ ಹಾಕಿದೆ, ಆರಿಸಿದೆ. ಹಾಸಿಗೆ ಸರಿಯಾಗಿಯೇ ಇತ್ತು, ಮತ್ತೆ ಸರಿಮಾಡಿದೆ. ಏಳು ರಾತ್ರಿ ಯಾರಿಗೆ ದೊಡ್ಡದು ಅಂತ ಆವತ್ತು ಗೊತ್ತಾಯಿತು. ಫೋನ್ ತೆಗೆದು ಅವಳಿಗೆ ಕರೆ ಮಾಡಬೇಕು ಅಂತ ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡೆ. ಆಗಲೇ ಸಂಜೆ ಮಾತಾಡಿದ್ದಳು, ಚೆನ್ನಾಗಿದ್ದಳು. ಮತ್ತೆ ಮಾಡಿದರೆ ನನ್ನ ದನಿಯಲ್ಲಿ ಏನಿದೆ ಅಂತ ಅವಳಿಗೆ ತಿಳಿಯುತ್ತಿತ್ತು. ತಿಳಿದರೆ ಮಾರನೇ ದಿನದಿಂದ ಅವಳು ನನ್ನನ್ನು ನೋಡಿಕೊಳ್ಳೋಕೆ ಶುರು ಮಾಡುತ್ತಿದ್ದಳು. ಮಕ್ಕಳು ಹಾಗೇ. ಅಕ್ಕನಿಗೆ ಫೋನ್ ಮಾಡಿ ಅತ್ತೆ. ಅಕ್ಕ ಏನೂ ಬುದ್ಧಿ ಹೇಳಲಿಲ್ಲ, ಲೈನಿನಲ್ಲಿ ಇದ್ದಳು, ಅಷ್ಟು ಸಾಕಾಯಿತು.

ಬುಧವಾರ ಸಂಜೆ ಅವಳು ಬಂದಳು. ಬ್ಯಾಗ್ ಇಲ್ಲದೆ ಬಂದಳು, ಎರಡೂ ಕೈ ಖಾಲಿ. ಐದು ವರ್ಷದಲ್ಲಿ ಬ್ಯಾಗಿಲ್ಲದೆ ಅವಳು ಈ ಬಾಗಿಲೊಳಗೆ ಬಂದದ್ದು ಅದೇ ಮೊದಲು ಅಂತ ನನಗೆ ಅವಳು ಹೋದಮೇಲೆ ನೆನಪಾಯಿತು.

ಎಲ್ಲ ಸಲೀಸಾಗಿ ಆಯಿತು ಅಂತ ಹೇಳಲ್ಲ. ಮೂರನೇ ವಾರ ಅವಳಿಗೆ ಜ್ವರ ಬಂತು, ಅದು ಅಲ್ಲಿದ್ದಾಗಲೇ ಬರಬೇಕಾ. ಹೋಗಿ ಅವರ ಮನೆಯ ಹಾಲಿನಲ್ಲಿ ಒಂದು ಗಂಟೆ ಕೂತು ಬಂದೆ, ಅವಳಜ್ಜಿ ಕುಡಿಯೋಕೆ ಏನೋ ತಂದುಕೊಟ್ಟರು, ಇಬ್ಬರಿಗೂ ಏನು ಮಾತಾಡಬೇಕು ಅಂತ ಗೊತ್ತಾಗಲಿಲ್ಲ. ಐದನೇ ವಾರ ಶಾಲೆಯಿಂದ ಬಂದ ಒಂದು ಪತ್ರ ಅಲ್ಲೇ ಉಳಿದು, ನನಗೆ ತಿಳಿಯದೆ ಪೋಷಕರ ಸಭೆ ತಪ್ಪಿತು. ಆ ರಾತ್ರಿ ಮತ್ತೆ ಉದ್ದಕ್ಕೆ ಬರೆದೆ, ಮತ್ತೆ ಅಳಿಸಿದೆ. ಶಾಲೆಯ ಕಾಗದ ಯಾರಿಗೆ ಬಂದರೂ ಆವತ್ತೇ ಫೋಟೋ ತೆಗೆದು ಇನ್ನೊಬ್ಬರಿಗೆ ಕಳಿಸಬೇಕು ಅಂತ ನಮ್ಮ ಬರಹಕ್ಕೆ ಒಂದು ಸಾಲು ಸೇರಿತು.

ಎಂಟನೇ ವಾರ ಇಬ್ಬರೂ ಕೂತು ಮಾತಾಡಿದೆವು. ಬುಧವಾರದ ಸಂಜೆ ಎರಡು ಗಂಟೆ ಇದ್ದದ್ದು ಮೂರಾಯಿತು. ಬೇಸಿಗೆ ರಜೆಗೆ ಬೇರೆ ಲೆಕ್ಕ ಬೇಕು ಅಂತ ಇಬ್ಬರಿಗೂ ಅನಿಸಿತು, ಅದು ಇನ್ನೂ ತೀರ್ಮಾನ ಆಗಿಲ್ಲ. ಉಳಿದದ್ದು ಬರೆದು ಸಹಿ ಮಾಡಿ ಲಾಯರಿಗೆ ಕೊಟ್ಟಿದ್ದೇವೆ. ಅದರಲ್ಲಿ ಒಂದು ಸಾಲು ನಾನೇ ಸೇರಿಸಿದೆ, ಪ್ರತಿ ವರ್ಷ ಹೊಸ ತರಗತಿ ಶುರುವಾಗುವ ಮೊದಲು ಈ ದಿನಗಳನ್ನು ಇಬ್ಬರೂ ಮತ್ತೆ ನೋಡಬೇಕು ಅಂತ. ಮುಂದಿನ ಸಲ ಕೇಳುವವಳು ನಾನೇ ಆಗಿರಬಹುದು.

ಮೊನ್ನೆ ಅವಳ ಬೀರುವಿನಲ್ಲಿ ಬಟ್ಟೆ ಇಡುವಾಗ ಬಾಗಿಲ ಒಳಗಿನ ಚೀಟಿ ಕಣ್ಣಿಗೆ ಬಿತ್ತು. ಈಜಿನ ಬಟ್ಟೆ, ಬಿಳಿ ಶೂ ಹೊಡೆದುಹಾಕಿದ್ದಾಳೆ, ಈ ಸಲ ಪೆನ್ನಲ್ಲೇ. ಮೇಲುಗಡೆ ಪೆನ್ಸಿಲಲ್ಲಿ "ಶುಕ್ರವಾರ ಮಾತ್ರ" ಅಂತ ಬರೆದುಕೊಂಡಿದ್ದಾಳೆ. ಕೆಂಪು ಹೊದಿಕೆಯನ್ನು ಹೊಡೆದಿಲ್ಲ. ಆದರೆ ಹೋದ ಶುಕ್ರವಾರ ಅದನ್ನು ಅಪ್ಪನ ಮನೆಯಲ್ಲೇ ಬಿಟ್ಟು ಬಂದಿದ್ದಳು. ಒಂದು ವಾರ ಕಳೆಯಿತು, ಅದು ಬೇಕು ಅಂತ ಒಂದು ಸಲವೂ ಕೇಳಲಿಲ್ಲ.